ಕಡಲತೀರದ ಮೊದಲ ದಿನ: ಹೋಟೆಲ್ ಗಡಿಯಾರ ಬಿಟ್ಟು ಇಳಿತದ ವೇಳೆ ಹಿಡಿದ ನಮ್ಮ ಲೆಕ್ಕ

ನಾಲ್ಕು ಜೋಡಿ, ಎಂಟು ಜನ, ಎರಡು ಕಾರು, ಮೂರು ದಿನ. ಇಷ್ಟು ಜನ ಸೇರಿ ಸಮುದ್ರಕ್ಕೆ ಹೊರಟರೆ ಮೊದಲ ದಿನ ಪ್ರಯಾಣ, ಕೋಣೆ, ಊಟ ಅಂತಲೇ ಕಳೆದುಹೋಗುತ್ತದೆ, ನೀರಿಗಿಳಿಯುವುದು ಏನಿದ್ದರೂ ಎರಡನೇ ದಿನ ಅಂತ ನಮ್ಮ ಗುಂಪಿನವರೆಲ್ಲ ನಂಬಿದ್ದರು. ಮೊದಲು ಇಳಿತದ, ಅಂದರೆ ಸಮುದ್ರದ ನೀರು ಹಿಂದೆ ಸರಿದಿರುವ ವೇಳೆ ಹಿಡಿಯೋಣ, ಮಿಕ್ಕಿದ್ದೆಲ್ಲ ಅದಕ್ಕೆ ಹೊಂದಿಕೊಳ್ಳಲಿ ಎಂದು ನಾನು ಹೇಳಿದಾಗ ‘ರಜೆಗೂ ಟೈಮ್‌ಟೇಬಲ್ಲಾ’ ಎಂದರು. ಈಗ ತಾರೀಕು ಗೊತ್ತುಮಾಡುವ ಮುಂಚೆ ಅವರೇ ನನಗೆ ಫೋನ್ ಮಾಡಿ ಇಳಿತ ಎಷ್ಟು ಹೊತ್ತಿಗೆ ಅಂತ ಕೇಳುತ್ತಾರೆ. ಕೋಣೆ ಹುಡುಕುವುದು, ಕಾರು ತುಂಬುವುದು ನಿಮಗೆಲ್ಲ ಗೊತ್ತಿರುವುದೇ. ಗೊತ್ತಿದ್ದವರೂ ಎಡವುವ ಕಡೆಗಳನ್ನು ಮಾತ್ರ ಬರೆಯುತ್ತೇನೆ.

ನಮ್ಮ ಗುರಿ ಇಷ್ಟೆ: ಮೊದಲ ದಿನ ಪೂರ್ತಿ ಇಳಿತ ಸಂಜೆ ನಾಲ್ಕರ ಸುಮಾರಿಗೆ ಬರಬೇಕು. ಹೆಚ್ಚಿನ ಕರಾವಳಿಗಳಲ್ಲಿ ಒಂದು ಭರತದಿಂದ (ನೀರು ಪೂರ್ತಿ ಏರಿದ ಹೊತ್ತು) ಮುಂದಿನ ಭರತಕ್ಕೆ ಸುಮಾರು 12 ಗಂಟೆ 25 ನಿಮಿಷ, ಎರಡು ಸುತ್ತಿಗೆ 24 ಗಂಟೆ 50 ನಿಮಿಷ. ಹಾಗಾಗಿ ವೇಳೆ ದಿನಕ್ಕೆ 50 ನಿಮಿಷದಷ್ಟು ಮುಂದಕ್ಕೆ ಹೋಗುತ್ತದೆ. ಏಳು ದಿನಕ್ಕೆ ಇದು ಹತ್ತಿರ ಹತ್ತಿರ ಆರು ಗಂಟೆ. ಅಂದರೆ ಈ ಶನಿವಾರ ಇಳಿತ ಬೆಳಿಗ್ಗೆ ಹತ್ತಕ್ಕಿದ್ದರೆ ಮುಂದಿನ ಶನಿವಾರ ಸಂಜೆ ನಾಲ್ಕರ ಸುಮಾರಿಗೆ ಬಂದಿರುತ್ತದೆ. ತಾರೀಕಿನ ಜಗಳ ಇದರಿಂದಲೇ ತೀರುತ್ತದೆ: ಒಂದು ವಾರ ಮುಂದೂಡಿದರೆ ಭರತ ಇದ್ದ ಹೊತ್ತಿಗೆ ಇಳಿತ ಬರುತ್ತದೆ, ಮೂರು ದಿನ ಸರಿಸಿದರೆ ಎರಡೂವರೆ ಗಂಟೆ ಸರಿಯುತ್ತದೆ. ಹುಣ್ಣಿಮೆ, ಅಮಾವಾಸ್ಯೆಯ ಮರುದಿನ, ಅದರ ಮರುದಿನ ಏರಿಳಿತ ದೊಡ್ಡದು. ಅಷ್ಟಮಿಯ ಆಚೀಚೆ ಸಣ್ಣದು. ನಾನು ಮೊದಲು ವೇಳೆ ನೋಡುತ್ತೇನೆ, ಆಮೇಲೆ ಚಂದ್ರನನ್ನು. ಏರಿಳಿತ ದೊಡ್ಡದಿರುವ ದಿನವಾದರೆ ನೆರಳಿನ ಬಿಡಾರವನ್ನು ದಡದಲ್ಲಿ ಇನ್ನಷ್ಟು ಮೇಲೆ ಹಾಕಿದರಾಯಿತು. ದಿನಕ್ಕೆ ಒಂದೇ ಭರತ ಬರುವ ತೀರಗಳೂ ಇವೆ, ಅಲ್ಲಿ ಈ ಲೆಕ್ಕ ನಡೆಯುವುದಿಲ್ಲ. ಆ ಜಾಗದ್ದೇ ಉಬ್ಬರ-ಇಳಿತದ ಪಟ್ಟಿ ನೋಡಬೇಕು.

ನಾಲ್ಕು ಗಂಟೆಯೇ ಯಾಕೆ? ಎರಡರಿಂದ ನಾಲ್ಕರವರೆಗೆ ನೀರು ಹಿಂದೆ ಸರಿಯುತ್ತ ಗಟ್ಟಿ ಒದ್ದೆ ಮರಳು ಬಿಟ್ಟುಕೊಡುತ್ತದೆ. ಆಟಕ್ಕೆ, ನಡಿಗೆಗೆ ಅದಕ್ಕಿಂತ ಒಳ್ಳೆಯ ನೆಲವಿಲ್ಲ. ನಾಲ್ಕೂವರೆಗೆ ನೀರಿಗಿಳಿಯುವಾಗ ಬಿಸಿಲಿನ ಖಾರ ಇಳಿದಿರುತ್ತದೆ. ಭರತ ಏರುವಾಗ ಮೊದಲ ಎರಡು ಗಂಟೆಯಲ್ಲಿ ಬರುವುದು ಒಟ್ಟು ಏರಿಕೆಯ ಕಾಲುಭಾಗ, ನಡುವಿನ ಎರಡು ಗಂಟೆಯಲ್ಲಿ ಅರ್ಧ, ಕೊನೆಯ ಎರಡರಲ್ಲಿ ಉಳಿದ ಕಾಲು. ಆರು ಗಂಟೆಗೆ ನೀರು ಬಿಟ್ಟರೆ ಸಮುದ್ರ ಜೋರಾಗಿ ಏರುವ ಹೊತ್ತಿಗೆ ನಾವು ಮೈ ಒರೆಸಿಕೊಳ್ಳುತ್ತಿರುತ್ತೇವೆ.

ಕೋಣೆ ಮಧ್ಯಾಹ್ನದವರೆಗೆ ಕೈಗೆ ಸಿಗುವುದಿಲ್ಲ, ಸಿಕ್ಕಿದಾಗ ಒಬ್ಬೊಬ್ಬರು ಒಂದೊಂದು ಹೊತ್ತಿಗೆ ಹೊರಬರುತ್ತಾರೆ. ಮೊದಲ ದಿನ ಹಾಳಾಗುವುದು ಇಲ್ಲೇ. ನಮ್ಮಲ್ಲಿ ಪ್ರತಿ ಜೋಡಿಗೂ ಒಂದು ‘ಮೊದಲ ದಿನದ ಚೀಲ’ ಇದೆ: ನೀರಿನ ಬಟ್ಟೆ, ಒಂದು ಜೊತೆ ಒಣ ಬಟ್ಟೆ, ಟವೆಲ್, ಚಪ್ಪಲಿ, ಟೋಪಿ, ಸನ್‌ಸ್ಕ್ರೀನ್, ಔಷಧಿ. ಡಿಕ್ಕಿಯಲ್ಲಿ ಎಲ್ಲಕ್ಕಿಂತ ಕೊನೆಗೆ, ಎಲ್ಲದರ ಮೇಲೆ ಇಡಬೇಕು. ದೊಡ್ಡ ಪೆಟ್ಟಿಗೆಗಳನ್ನು ರಾತ್ರಿಯವರೆಗೆ ಮುಟ್ಟುವಂತಿಲ್ಲ. ಮುಟ್ಟಿದರೆ ಒಂದು ಗಂಟೆ ಹೋಯಿತೆಂದೇ ಲೆಕ್ಕ.

ಇನ್ನು ದುಡ್ಡು. ಸ್ನೇಹ ಕೆಡುವುದು ಸಮುದ್ರದಲ್ಲಲ್ಲ, ಲೆಕ್ಕದಲ್ಲಿ. ಮೂರು ದಿನದ ಒಟ್ಟು ಖರ್ಚು ನೂರು ಅಂದುಕೊಂಡರೆ ಮೊದಲ ದಿನವೇ ಐವತ್ತರಿಂದ ಐವತ್ತೈದು ಹೋಗುತ್ತದೆ ಅನ್ನುವುದು ನನ್ನ ನೆನಪಿನ ಲೆಕ್ಕ. ಇಂಧನ, ಕೋಣೆಯ ಬಾಕಿ, ಸಾಮಾನು ಎಲ್ಲವೂ ಒಟ್ಟಿಗೆ ಬರುತ್ತವೆ. ಒಬ್ಬರು ಕೈಯಿಂದ ಹಾಕಿ ಆಮೇಲೆ ಹಂಚಿಕೊಳ್ಳುವ ಪದ್ಧತಿ ನಮ್ಮಲ್ಲಿ ಕೆಟ್ಟಿತು, ಯಾಕೆಂದರೆ ಕೇಳುವವರಿಗೆ ಸಂಕೋಚ, ಕೊಡಬೇಕಾದವರಿಗೆ ಮರೆವು. ಎಂಟೂ ಜನ ಆ್ಯಪ್‌ನಲ್ಲಿ ಬರೆಯುವ ಪದ್ಧತಿಯೂ ಕೆಟ್ಟಿತು, ಒಂದೇ ಬಿಲ್ಲನ್ನು ಇಬ್ಬರು ಹಾಕುತ್ತಿದ್ದರು. ನಿಂತದ್ದು ಹುಂಡಿ, ಅಂದರೆ ಎಲ್ಲರ ದುಡ್ಡು ಮೊದಲೇ ಒಂದು ಕಡೆ ಸೇರಿಸುವುದು. ಹೊರಡುವ ಹತ್ತು ದಿನ ಮುಂಚೆ ತಲಾ ಲೆಕ್ಕದಲ್ಲಿ ದುಡ್ಡು ಸೇರಬೇಕು. ಜೋಡಿ ಲೆಕ್ಕ ಬೇಡ, ಮುಂದೊಮ್ಮೆ ಒಬ್ಬರೇ ಬಂದರೆ ತಕರಾರು ಶುರುವಾಗುತ್ತದೆ. ಅಂದಾಜಿಗಿಂತ ಐದನೇ ಒಂದು ಪಾಲು ಹೆಚ್ಚು ಕಟ್ಟಿಸಿಕೊಂಡು ಉಳಿದದ್ದನ್ನು ಕೊನೆಯ ದಿನ ವಾಪಸ್ ಕೊಡುವುದು ವಾಡಿಕೆ. ಕೈಗೆ ದುಡ್ಡು ವಾಪಸ್ ಬಂದರೆ ಮುಂದಿನ ಸಲ ಯಾರೂ ಗೊಣಗುವುದಿಲ್ಲ. ಇಂಧನ, ಪಾರ್ಕಿಂಗ್, ನೀರು, ಐಸ್, ಒಟ್ಟಿಗೆ ಕೂತು ಮಾಡುವ ಊಟ ಹುಂಡಿಯಿಂದ. ಕೋಣೆ ಆಯಾ ಜೋಡಿಯದು, ಕುಡಿಯುವವರ ಖರ್ಚು ಕುಡಿಯುವವರದು. ಬರೆಯುವುದು ಒಬ್ಬರೇ, ಅವರು ಕಾರು ಓಡಿಸುವವರಾಗಿರಬಾರದು. ನಮ್ಮಲ್ಲಿ ಆ ಕೆಲಸ ನನ್ನ ಹೆಂಡತಿಯದು, ಅವಳ ಪುಸ್ತಕದಲ್ಲಿ ಲೆಕ್ಕ ತಪ್ಪಿದ್ದು ಇವತ್ತಿನವರೆಗೆ ಇಲ್ಲ.

ಕಿಟಕಿಯಿಂದ ಸಮುದ್ರ ಕಾಣುವ ಕೋಣೆಗೆ ಮೊದಲ ರಾತ್ರಿ ಹೆಚ್ಚಿನ ದುಡ್ಡು ಹಾಕುವುದು ನನ್ನ ಮಟ್ಟಿಗೆ ದಂಡ. ಕತ್ತಲಾದ ಮೇಲೆ ಕೋಣೆ ಸೇರಿ ಮಲಗುವವರಿಗೆ ಕಿಟಕಿಯ ಆಚೆ ಏನಿದ್ದರೇನು? ಆ ದುಡ್ಡಿನಲ್ಲಿ ಒಳ್ಳೆಯ ಟಾರ್ಪಾಲು ಬರುತ್ತದೆ. ಗಂಟೆ ಲೆಕ್ಕದ ಬಾಡಿಗೆ ಕೊಡೆಗಳಿಗೆ ಎಂಟು ಜನ ಕೊಡುವ ಹಣ ನೋಡಿದರೆ ಅದು ಕೆಲವೇ ಪ್ರವಾಸಗಳಲ್ಲಿ ಅಸಲು ತಂದುಕೊಡುತ್ತದೆ.

ನೆರಳಿನ ವಿಷಯಕ್ಕೆ ಬಂದರೆ ನನಗೆ ಮಾತು ಸಾಲದು. ಬೆಳಿಗ್ಗೆ ತಣ್ಣಗಿದ್ದ ತೀರದಲ್ಲಿ ನೆಲ ಕಾದಂತೆ ಸಮುದ್ರದಿಂದ ಗಾಳಿ ಏಳುತ್ತದೆ, ಮಧ್ಯಾಹ್ನ ಎರಡು-ಮೂರಕ್ಕೆ ಅದರ ಜೋರು. ಹನ್ನೆರಡಕ್ಕೆ ನೆಟ್ಟಗೆ ನಿಂತಿದ್ದ ಬಿಡಾರ ಎರಡೂವರೆಗೆ ಹಾರುವುದು ಇದಕ್ಕೇ. ಮೂರು ಮೀಟರ್ ಉದ್ದ, ಮೂರು ಮೀಟರ್ ಅಗಲದ ಟಾರ್ಪಾಲು, ಎರಡು ಎತ್ತರದ ಕೋಲು, ಎರಡು ಗಿಡ್ಡ ಕೋಲು, ಬೆರಳ ದಪ್ಪದ ಹಗ್ಗ, ಆರು ಖಾಲಿ ಬಟ್ಟೆಚೀಲ ಇದ್ದರೆ ಸಾಕು. ಗಿಡ್ಡ ಕೋಲುಗಳು ಗಾಳಿ ಬರುವ ಕಡೆಗೆ, ಅಂದರೆ ಸಾಮಾನ್ಯವಾಗಿ ಸಮುದ್ರದ ಕಡೆಗೆ. ಎತ್ತರದ ಬದಿಯನ್ನು ಗಾಳಿಗೆ ಒಡ್ಡಿದರೆ ಟಾರ್ಪಾಲು ಹಾಯಿಯಾಗಿ ಉಬ್ಬಿ ಕೋಲನ್ನೇ ಕೀಳುತ್ತದೆ. ಡೇರೆಯ ಗೂಟಗಳು ಒಣ ಮರಳಲ್ಲಿ ನಿಲ್ಲುವುದಿಲ್ಲ. ಚೀಲಕ್ಕೆ ಐದು ಲೀಟರಿನಷ್ಟು ಮರಳು ತುಂಬಿ, ಬಾಯಿ ಕಟ್ಟಿ, ಮೊಣಕೈ ಉದ್ದದಷ್ಟು ಆಳದ ಗುಂಡಿಯಲ್ಲಿ ಹೂತು, ಅದರಿಂದ ಹಗ್ಗ ಎಳೆಯಬೇಕು. ಹಗ್ಗ ನೆಲಕ್ಕೆ ಸುಮಾರು 45 ಡಿಗ್ರಿ ಓರೆಯಲ್ಲಿರಲಿ. ನೆಟ್ಟಗೆ ಎಳೆದರೆ ಚೀಲ ಮೇಲೆ ಬರುತ್ತದೆ. ಗುಂಡಿ ಮುಚ್ಚಿದ ಮೇಲೆ ಒಂದು ಬಕೆಟ್ ನೀರು ಹೊಯ್ದು ತುಳಿದರೆ ಹಿಡಿತ ಇನ್ನೂ ಬಿಗಿ. ಗಾಳಿ ತಿರುಗಿದಾಗ ಇಡೀ ಬಿಡಾರ ಬಿಚ್ಚದೆ ಒಂದೇ ಎಳೆತದಲ್ಲಿ ಹಗ್ಗ ಸಡಿಲಿಸಿ ಬಿಗಿಯುವ ಒಂದು ಗಂಟು ಇದೆ. ಅದನ್ನು ಮಾತ್ರ ನಮ್ಮ ಗುಂಪಿನ ಒಳಗೇ ಇಟ್ಟುಕೊಂಡಿದ್ದೇನೆ.

ಚೀಲದ ಬದಲು ಐದು ಲೀಟರಿನ ನೀರಿನ ಕ್ಯಾನು ಕಟ್ಟಿಯೂ ನೋಡಿದೆವು. ಕ್ಯಾನು ತೂಗುವುದು ಐದೇ ಕಿಲೋ, ಅಷ್ಟೇ ಗಾತ್ರದ ಮರಳು ಎಂಟು ಕಿಲೋದ ಹತ್ತಿರ. ಮೇಲಾಗಿ ಬಾಯಾರಿದವರು ಕ್ಯಾನು ಖಾಲಿ ಮಾಡುತ್ತ ಹೋದಂತೆ ಆ ಮೂಲೆ ಏಳುತ್ತದೆ. ಕಲ್ಲು ಕಟ್ಟಿದರೆ ಅಂಚು ಹಗ್ಗವನ್ನು ಸವೆಸುತ್ತದೆ. ಮರಳೇ ಸರಿ, ಹೊರುವ ಭಾರವೂ ಇಲ್ಲ.

ಬಿಡಾರದ ಜಾಗ ಗೊತ್ತುಮಾಡಲು ಹಿಂದಿನ ಭರತ ಬಿಟ್ಟುಹೋದ ಕಸದ ಗೆರೆ ನೋಡಿ: ಪಾಚಿ, ಚಿಪ್ಪು, ಕಡ್ಡಿ. ಒಂದಕ್ಕಿಂತ ಹೆಚ್ಚು ಗೆರೆ ಇದ್ದರೆ ಮೇಲಿನದೇ ಲೆಕ್ಕ. ಸಾಮಾನು ಅದರ ಮೇಲೆ, ಜನ ಮಾತ್ರ ಕೆಳಗೆ.

ಐಸ್ ಪೆಟ್ಟಿಗೆ ಎರಡು ಬೇಕು. ನೀರು, ಪಾನೀಯದ ಪೆಟ್ಟಿಗೆ ಹತ್ತು ನಿಮಿಷಕ್ಕೊಮ್ಮೆ ತೆರೆಯುತ್ತದೆ, ಅದರಲ್ಲಿ ತಿನ್ನುವುದನ್ನು ಇಟ್ಟರೆ ಸಂಜೆಗೆ ಕೆಟ್ಟಿರುತ್ತದೆ. ಹಿಂದಿನ ರಾತ್ರಿಯೇ ಖಾಲಿ ಪೆಟ್ಟಿಗೆಯೊಳಗೆ ಸ್ವಲ್ಪ ಐಸ್ ಹಾಕಿ ತಣಿಸಿಡಿ, ಇಲ್ಲದಿದ್ದರೆ ಬೆಳಿಗ್ಗೆ ಹಾಕಿದ ಐಸ್ ಪೆಟ್ಟಿಗೆಯ ಗೋಡೆ ತಣಿಸುವುದರಲ್ಲೇ ಕರಗುತ್ತದೆ. ಸಾಮಾನು ಒಂದು ಪಾಲಾದರೆ ಐಸ್ ಎರಡು ಪಾಲು. ಪುಡಿ ಐಸಿಗಿಂತ ಗಟ್ಟಿ ಹೆಂಟೆ ನಿಧಾನಕ್ಕೆ ಕರಗುತ್ತದೆ. ನಾವು ಕುಡಿಯುವ ನೀರಿನ ಬಾಟಲಿಗಳನ್ನೇ ಹೆಪ್ಪುಗಟ್ಟಿಸಿ ತಳಕ್ಕೆ ಹಾಕುತ್ತೇವೆ. ಬಾಟಲಿಯಲ್ಲಿ ಹತ್ತರಲ್ಲಿ ಒಂದು ಪಾಲಿಗಿಂತ ತುಸು ಹೆಚ್ಚೇ ಖಾಲಿ ಬಿಡಿ, ಹೆಪ್ಪುಗಟ್ಟುವಾಗ ನೀರು ಶೇ 9ರಷ್ಟು ಹಿಗ್ಗುತ್ತದೆ. ಐಸಿಗೆ ಸಮುದ್ರದ ನೀರು ಬೆರೆಸಿ ನೋಡಿದ್ದೂ ಉಂಟು. ಪಾನೀಯಗಳು ಬಲು ಬೇಗ ತಣ್ಣಗಾದವು, ಐಸ್ ಅಷ್ಟೇ ಬೇಗ ಮುಗಿಯಿತು. ಸಂಜೆಯ ಕೊನೆಯ ಸುತ್ತಿಗೆ ಆ ಉಪಾಯ ಒಳ್ಳೆಯದು, ಮಧ್ಯಾಹ್ನಕ್ಕೆ ಬೇಡ. ಕುಡಿಯುವ ನೀರು ತಲೆಗೆ ಮೂರು ಲೀಟರ್, ಎಂಟು ಜನಕ್ಕೆ ಇಪ್ಪತ್ತನಾಲ್ಕು. ಹೊರುವಾಗ ಹೆಚ್ಚೆನಿಸಿದರೂ ಉಳಿಯುವುದಿಲ್ಲ.

ಸನ್‌ಸ್ಕ್ರೀನ್ ಮೊದಲ ದಿನವೇ ಯಾಕೆ ಮುಖ್ಯ ಅಂದರೆ, ಸುಟ್ಟ ಚರ್ಮದ ಉರಿ ಜೋರಾಗುವುದು ಹನ್ನೆರಡರಿಂದ ಇಪ್ಪತ್ತನಾಲ್ಕು ಗಂಟೆಯ ನಂತರ. ಇವತ್ತಿನ ಅಸಡ್ಡೆಗೆ ನಾಳೆಯ ದಿನ ಬಲಿ. ಒಬ್ಬರ ಮೈಗೆ ಒಂದು ಸಲಕ್ಕೆ ಮೂವತ್ತು ಮಿಲಿ ಬೇಕು, ಎಂಟು ಜನಕ್ಕೆ 240. ನೂರು ಮಿಲಿಯ ಒಂದು ಟ್ಯೂಬ್ ಇಡೀ ಗುಂಪಿಗೆ ಸಾಕು ಅನ್ನುವವರು ಮೂಗಿಗೆ ಮಾತ್ರ ಹಚ್ಚುವವರು. ಬಿಸಿಲಿಗೆ ಹೋಗುವ ಕಾಲು ಗಂಟೆ ಮುಂಚೆ ಹಚ್ಚಿ, ಎರಡು ಗಂಟೆಗೊಮ್ಮೆ ಮತ್ತೆ, ನೀರಿನಿಂದ ಎದ್ದು ಒರೆಸಿಕೊಂಡ ಮೇಲೂ ಮತ್ತೆ. ಟ್ಯೂಬಿನ ಮೇಲಿನ ಎಸ್‌ಪಿಎಫ್ ಅಂಕಿ 30 ಇದ್ದರೆ ಚರ್ಮ ಸುಡುವ ಕಿರಣದ ಸುಮಾರು ಶೇ 97ನ್ನು, 50 ಇದ್ದರೆ ಶೇ 98ನ್ನು ತಡೆಯುತ್ತದೆ, ವ್ಯತ್ಯಾಸ ಅಷ್ಟೇ. 50ಕ್ಕೆ ಹೆಚ್ಚು ಕೊಡುವ ದುಡ್ಡನ್ನು ಎರಡನೇ ಟ್ಯೂಬಿಗೆ ಹಾಕುವುದು ಜಾಣತನ. ಬಿಟ್ಟುಹೋಗುವ ಜಾಗಗಳು ಪಾದದ ಮೇಲ್ಭಾಗ, ಕಿವಿ, ಮೊಣಕಾಲ ಹಿಂಬದಿ, ಬೈತಲೆ. ಬೆನ್ನಿಗೆ ಗಂಡ ಹೆಂಡತಿ ಒಬ್ಬರಿಗೊಬ್ಬರು ಹಚ್ಚಬೇಕು, ಕೈ ನಿಲುಕದ ಕಡೆಯೇ ಮೊದಲು ಸುಡುತ್ತದೆ. ಒಣ ಮರಳು ಅತಿನೇರಳೆ ಕಿರಣದ ಶೇ 15ರಷ್ಟನ್ನು ವಾಪಸ್ ಎಸೆಯುತ್ತದೆ, ಹಾಗಾಗಿ ನೆರಳಲ್ಲಿ ಕೂತವರಿಗೂ ವಿನಾಯಿತಿ ಇಲ್ಲ.

ನೀರಿಗಿಳಿಯುವ ಮುಂಚೆ ಹತ್ತು ನಿಮಿಷ ಸುಮ್ಮನೆ ನಿಂತು ಅಲೆ ನೋಡಬೇಕು. ಎರಡೂ ಬದಿಯಲ್ಲಿ ಅಲೆ ಒಡೆಯುತ್ತಿದ್ದು ನಡುವೆ ಒಂದು ಪಟ್ಟಿ ಮಾತ್ರ ಶಾಂತವಾಗಿ, ಕಪ್ಪಾಗಿ ಕಂಡರೆ ಅಲ್ಲಿಗೆ ಕಾಲಿಡಬೇಡಿ. ಅಲೆ ಇಲ್ಲವೆಂದು ಈಜು ಬಾರದವರು ಆರಿಸಿಕೊಳ್ಳುವುದು ಅದನ್ನೇ. ದಡಕ್ಕೆ ಬಂದ ನೀರು ವಾಪಸ್ ಹೋಗುವ ದಾರಿ ಅದು, ರಿಪ್ ಕರೆಂಟ್. ಪೂರ್ತಿ ಇಳಿತದ ಆಸುಪಾಸಿನಲ್ಲಿ ಇದರ ಸೆಳೆತ ಹೆಚ್ಚಿರುತ್ತದೆ, ಹಾಗಾಗಿ ನಾಲ್ಕೂವರೆಗೆ ಇಳಿದರೂ ಅದು ತಪ್ಪಿತೆಂದಲ್ಲ. ಸಿಕ್ಕಿಕೊಂಡರೆ ದಡದ ಕಡೆಗೆ ಗುದ್ದಾಡದೆ ದಡಕ್ಕೆ ಸಮಾನಾಂತರವಾಗಿ ಸರಿಯಬೇಕು, ಆಗದಿದ್ದರೆ ತೇಲುತ್ತ ಕೈ ಎತ್ತಬೇಕು. ಕೆಂಪು-ಹಳದಿ ಬಾವುಟಗಳ ನಡುವೆ ಲೈಫ್‌ಗಾರ್ಡ್ ಕಾವಲಿರುತ್ತದೆ. ಬರೀ ಕೆಂಪು ಬಾವುಟವಿದ್ದರೆ ಆ ದಿನ ನೀರಿಲ್ಲ, ಚರ್ಚೆಯೂ ಇಲ್ಲ. ಕಾವಲು ಎಷ್ಟು ಹೊತ್ತಿಗೆ ಮುಗಿಯುತ್ತದೆ ಎಂದು ಮೊದಲೇ ಕೇಳಿ, ಆರಕ್ಕಿಂತ ಮುಂಚೆ ಮುಗಿಯುವುದಾದರೆ ನಮ್ಮ ಸ್ನಾನವೂ ಆಗಲೇ ಮುಗಿಯಬೇಕು. ಸೊಂಟದ ಮೇಲೆ ನೀರು ಬೇಡ, ಕುಡಿದವರು ದಡದಲ್ಲೇ. ಕಾಲು ಎತ್ತಿಡದೆ ಮರಳಿಗೆ ಒರೆಸುತ್ತ ನಡೆದರೆ ಮರಳೊಳಗೆ ಮಲಗಿದ ತೊರಕೆ ಮೀನು ತಾನೇ ಸರಿಯುತ್ತದೆ, ಮೆಟ್ಟಿದರೆ ಬಾಲದ ಮುಳ್ಳು ಚುಚ್ಚುತ್ತದೆ.

ಸರದಿಯಲ್ಲಿ ಒಂದು ಜೋಡಿ ದಡದಲ್ಲೇ ಇರುತ್ತದೆ, ಇಪ್ಪತ್ತು ನಿಮಿಷಕ್ಕೊಮ್ಮೆ ಬದಲಾವಣೆ. ಒಬ್ಬರ ಕಣ್ಣು ನೀರಿನ ಮೇಲೆ, ಒಬ್ಬರದು ಸಾಮಾನಿನ ಮೇಲೆ. ಎರಡೂ ಕಾರಿನ ಕೀ ಅವರ ಬಳಿ ಇರಬೇಕು. ಈಗಿನ ಕೀಗಳೊಳಗೆ ಚಿಪ್ ಇದೆ, ಉಪ್ಪುನೀರು ಹೊಕ್ಕರೆ ಹೊಸ ಕೀಗೆ ಹೋಗುವ ದುಡ್ಡು ಹುಂಡಿಯ ದೊಡ್ಡ ತುಂಡನ್ನೇ ತಿನ್ನುತ್ತದೆ. ಜೋಡಿಯಾಗಿ ಕಾವಲು ಕೂರಿಸಿದ್ದಕ್ಕೆ ಇನ್ನೊಂದು ಲಾಭವಿದೆ. ಎಂಟು ಜನರ ಗದ್ದಲದಲ್ಲಿ ಗಂಡ ಹೆಂಡತಿಗೆ ತಮ್ಮಷ್ಟಕ್ಕೆ ಮಾತಾಡಲು ಸಿಗುವ ಹೊತ್ತು ಅದೊಂದೇ. ಗುಂಪಿನ ಪ್ರವಾಸ ಅಂದರೆ ಮುಖ ಸಿಂಡರಿಸುತ್ತಿದ್ದ ಹೆಂಗಸರೂ ಈಗ ತಾವೇ ಸರದಿ ಕೇಳಿ ತೆಗೆದುಕೊಳ್ಳುತ್ತಾರೆ. ಈ ವ್ಯವಸ್ಥೆಯ ಬಗ್ಗೆ ನನಗೆ ಹೆಮ್ಮೆಯಿದೆ.

ಆರರಿಂದ ಆರೂವರೆ ಬಿಚ್ಚುವ ಕೆಲಸ. ಮೈಗಂಟಿದ ಮರಳನ್ನು ಒದ್ದೆಯಲ್ಲಿ ಉಜ್ಜಬೇಡಿ, ಒಣಗಲು ಬಿಟ್ಟು ಪೌಡರ್ ಉದುರಿಸಿ ಒರೆಸಿದರೆ ತಾನೇ ಬೀಳುತ್ತದೆ. ಕಾಲಿಗೆ ಎರಡು ಟಬ್: ಒಂದರಲ್ಲಿ ಮರಳು ಬಿಡಬೇಕು, ಇನ್ನೊಂದರಲ್ಲಿ ತೊಳೆಯಬೇಕು. ಒಂದೇ ಟಬ್ ಇಟ್ಟರೆ ಮೂರನೆಯವರ ಹೊತ್ತಿಗೆ ಅದು ಕೆಸರು. ಚೀಲದ ಮರಳು ಅಲ್ಲೇ ಸುರಿದು, ಗುಂಡಿ ಮುಚ್ಚಿ ಹೊರಡಿ. ಕೋಣೆಗೆ ಹೋದ ಮೇಲೆ ಜಿಪ್, ಕೋಲಿನ ಜೋಡಣೆ, ಕನ್ನಡಕದ ಸ್ಕ್ರೂ ಎಲ್ಲಕ್ಕೂ ಸಿಹಿನೀರು ಕಾಣಿಸಬೇಕು. ಉಪ್ಪು ಒಣಗಿದರೆ ಜಿಪ್ ಮಾರನೇ ದಿನವೇ ಕಚ್ಚುತ್ತದೆ. ಹುಂಡಿಯ ಲೆಕ್ಕವನ್ನು ಊಟದ ಮೇಜಿನ ಮೇಲೇ ಓದಿ ಮುಗಿಸುತ್ತೇವೆ, ಮಲಗುವ ಹೊತ್ತಿಗೆ ಬಾಕಿ ಪ್ರಶ್ನೆ ಇರಬಾರದು. ಎರಡನೇ ದಿನ ಇಳಿತ ನಾಲ್ಕು ಐವತ್ತಕ್ಕೆ. ನೀರಿನ ಹೊತ್ತು ಮೊದಲ ದಿನದಷ್ಟು ಸಿಗುವುದಿಲ್ಲ, ಹಾಗಾಗಿ ನಡಿಗೆ, ಆಟಗಳನ್ನು ಆ ದಿನಕ್ಕೆ ಇಟ್ಟುಕೊಳ್ಳಿ.