ಮಾನಸಿಕ ಆರೋಗ್ಯಕ್ಕೆ ಬಂದ ದುಡ್ಡಿನ ಲೆಕ್ಕ ಕೇಳುವುದು ಹೇಗೆ?

ದಾವಣಗೆರೆಯಲ್ಲಿ ಈ ಲೆಕ್ಕಕ್ಕಾಗಿ ಮಾಹಿತಿ ಹಕ್ಕು ಕಾಯ್ದೆಯಡಿ (ಆರ್‌ಟಿಐ) ಅರ್ಜಿ ಹಾಕಿದವರ ಕೈಗೆ ಒಂದೇ ಸಾಲಿನ ಉತ್ತರ ಬಂದದ್ದನ್ನು ನೋಡಿದ್ದೇನೆ. ಕೇಳಿದ ರೀತಿಯೇ ಹಾಗಿರುತ್ತದೆ.

ಮೊದಲು ಹಣದ ದಾರಿ ತಿಳಿದಿರಲಿ. ಈ ದುಡ್ಡು ಬರುವ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ 1996ರಲ್ಲಿ ಶುರುವಾಯಿತು. ಅದಕ್ಕೆ ಮಾದರಿ ನಮ್ಮ ಬಳ್ಳಾರಿಯೇ. ಈಗ ಇದು ರಾಷ್ಟ್ರೀಯ ಆರೋಗ್ಯ ಅಭಿಯಾನದಡಿ ಇದೆ. ಕೇಂದ್ರದ ಪಾಲು ಶೇ 60, ರಾಜ್ಯದ್ದು ಶೇ 40. ಜಿಲ್ಲೆ ಬೇಡಿಕೆ ಕಳಿಸುತ್ತದೆ, ರಾಜ್ಯ ಎಲ್ಲವನ್ನೂ ಒಟ್ಟು ಮಾಡಿ ದಿಲ್ಲಿಗೆ ಕೊಡುತ್ತದೆ, ಮಂಜೂರಾತಿ ಅಲ್ಲಿಂದ ಬರುತ್ತದೆ. ಒಂದು ಜಿಲ್ಲೆಗೆ ವರ್ಷಕ್ಕೆ 83.20 ಲಕ್ಷ ರೂಪಾಯಿವರೆಗೆ ಕೊಡಲು ಅವಕಾಶವಿದೆ.

ಇನ್ನು ಪ್ರಶ್ನೆ. ಜನ ಎಡವುವುದು ಇಲ್ಲೇ. "ಎಷ್ಟು ಬಜೆಟ್ ಬಂತು?" ಅಂತ ಸುಮ್ನೆ ಕೇಳಬೇಡಿ. ಬೇಡಿಕೆ, ಮಂಜೂರು, ಬಿಡುಗಡೆ, ಖರ್ಚು ಇವು ನಾಲ್ಕೂ ಬೇರೆ ಬೇರೆ. ಮಂಜೂರಾದದ್ದೆಲ್ಲ ಬಿಡುಗಡೆಯಾಗುವುದಿಲ್ಲ, ಬಿಡುಗಡೆಯಾದದ್ದೆಲ್ಲ ಖರ್ಚಾಗುವುದಿಲ್ಲ. ಹೀಗೆ ಬರೆಯಿರಿ: "2024-25ನೇ ಸಾಲಿನಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಸಂಬಳ, ಔಷಧಿ, ತರಬೇತಿ, ಪ್ರಚಾರ, ಓಡಾಟ, ಹೀಗೆ ಬಾಬ್ತುವಾರು ಬೇಡಿಕೆ ಇಟ್ಟ, ಮಂಜೂರಾದ, ಬಿಡುಗಡೆಯಾದ ಹಾಗೂ ಖರ್ಚಾದ ಮೊತ್ತ ತೋರಿಸುವ ದಾಖಲೆಗಳ ನಕಲು ಕೊಡಿ." "ಯಾಕೆ ಖರ್ಚು ಮಾಡಿಲ್ಲ?" ಅನ್ನುವುದು ಬೇಡ. ಕಾನೂನಿನಲ್ಲಿ ಸಿಗುವುದು ದಾಖಲೆ, ವಿವರಣೆಯಲ್ಲ. ನಮ್ಮ ರಾಜ್ಯದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮೀರಬಾರದು. ಜೆರಾಕ್ಸ್ ಅಂಗಡಿಯಲ್ಲಿ ಸಿಗುವ, "ಸಂಪೂರ್ಣ ಮಾಹಿತಿ ಒದಗಿಸಿ" ಅಂತ ಮೊದಲೇ ಅಚ್ಚಾದ ಅರ್ಜಿ ಮುಟ್ಟಲೇಬೇಡಿ.

ಔಷಧಿಗೆ ಬೇರೆಯೇ ಅರ್ಜಿ ಹಾಕಿ. ನನಗೆ ಎಲ್ಲಕ್ಕಿಂತ ಮುಖ್ಯ ಇದು. ಉದಾಹರಣೆಗೆ, ಜಗಳೂರು ತಾಲ್ಲೂಕು ಆಸ್ಪತ್ರೆಯಲ್ಲಿ ಮಾನಸಿಕ ಕಾಯಿಲೆಗೆ ಕೊಡುವ ಲಿಥಿಯಂ, ಓಲಾಂಜಪೈನ್ ಮಾತ್ರೆಗಳ ದಾಸ್ತಾನು ವಹಿಯ ನಕಲು ಕೇಳಿ. ತಿಂಗಳ ಕೊನೆಯ ಶಿಲ್ಕಿನ ಅಂಕಣ ನೋಡಿ. ಅಲ್ಲಿ ಸೊನ್ನೆ ಇದ್ದರೆ, ಆ ದಿನಗಳಲ್ಲಿ ಬಂದವರು ಹೊರಗಿನ ಅಂಗಡಿಯಲ್ಲಿ ದುಡ್ಡು ಕೊಟ್ಟಿರುತ್ತಾರೆ, ಇಲ್ಲವೇ ಮಾತ್ರೆ ಬಿಟ್ಟಿರುತ್ತಾರೆ. ಬಿಟ್ಟರೆ ಕಾಯಿಲೆ ಮರುಕಳಿಸುವುದೇ ಜಾಸ್ತಿ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಅಗತ್ಯ ಔಷಧಿ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತವಾಗಿ ಸಿಗಬೇಕು ಅನ್ನುತ್ತದೆ. ರೋಗಿಗಳ ಹೆಸರು ಮಾತ್ರ ಯಾವತ್ತೂ ಕೇಳಬೇಡಿ.

ಉಳಿದದ್ದು ಸುಲಭ. 10 ರೂಪಾಯಿ ಪೋಸ್ಟಲ್ ಆರ್ಡರ್ ಲಗತ್ತಿಸಿ. ಬಿಪಿಎಲ್ ಕುಟುಂಬಕ್ಕೆ ಶುಲ್ಕವಿಲ್ಲ. ಲೆಕ್ಕದ ಅರ್ಜಿಯನ್ನು ಜಿಲ್ಲಾ ಆರೋಗ್ಯಾಧಿಕಾರಿ ಕಚೇರಿಯ ಸಾರ್ವಜನಿಕ ಮಾಹಿತಿ ಅಧಿಕಾರಿಗೆ ಕೊಟ್ಟು, ನಿಮ್ಮ ಪ್ರತಿಗೆ ಸೀಲು ಹಾಕಿಸಿಕೊಳ್ಳಿ. ಚಿತ್ರದುರ್ಗದವರಿಗೂ ಇದೇ ಕ್ರಮ. 30 ದಿನದಲ್ಲಿ ಉತ್ತರ ಬರದಿದ್ದರೆ ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ ಹಾಕಿ. ಅದಕ್ಕೆ ಆ ಸೀಲು ಬಿದ್ದ ಪ್ರತಿಯೇ ಆಧಾರ.