ಹಳೆಯ ಕಂಪ್ಯೂಟರಿಗೆ ಲಿನಕ್ಸ್: ಅಲಂಕಾರಕ್ಕೆ ಮೊದಲು ಕನ್ನಡ ಸರಿಯಾಗಲಿ

2025ರ ಅಕ್ಟೋಬರ್ 14ರಂದು ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿದ ಮೇಲೆ, ಹಳೆಯ ಕಂಪ್ಯೂಟರನ್ನು ಏನು ಮಾಡುವುದೆಂಬ ಪ್ರಶ್ನೆಯನ್ನು ತುಮಕೂರಿನ ಡಿಟಿಪಿ ಅಂಗಡಿಯವರೂ ಸುತ್ತಲಿನ ಶಾಲೆಗಳ ಶಿಕ್ಷಕರೂ ನನ್ನನ್ನು ಕೇಳುತ್ತಿದ್ದಾರೆ. ವಿಂಡೋಸ್ 11 ಟಿಪಿಎಂ 2.0 ಎಂಬ ಭದ್ರತಾ ಚಿಪ್ಪನ್ನೂ ತಕ್ಕಷ್ಟು ಹೊಸ ಪ್ರೊಸೆಸರನ್ನೂ ಬೇಡುತ್ತದೆ. ಮ್ಯಾಕ್‌ಓಎಸ್ ಆ್ಯಪಲ್ ಯಂತ್ರಗಳಿಗಷ್ಟೇ ಮೀಸಲು. ಕೋರೆಲ್‌ಡ್ರಾ ಅಥವಾ ಪೇಜ್‌ಮೇಕರ್ ನೆಚ್ಚಿಕೊಂಡು ಲಗ್ನಪತ್ರಿಕೆ ಮಾಡುವವರು ವಿಂಡೋಸ್ ಬಿಡಬಾರದು. ಪತ್ರ, ಲೆಕ್ಕ, ಬ್ರೌಸರ್ ಇಷ್ಟೇ ಸಾಕೆನ್ನುವವರಿಗೆ ವಿಂಡೋಸ್ ಬದಲಿಗೆ ಬಳಸಬಹುದಾದ ಉಚಿತ ಕಾರ್ಯಾಚರಣಾ ವ್ಯವಸ್ಥೆ ಲಿನಕ್ಸ್‌ನ ಒಂದು ಬಗೆಯಾದ ಲಿನಕ್ಸ್ ಮಿಂಟ್, ಅದರಲ್ಲೂ ಹಗುರವಾದ ಎಕ್ಸ್‌ಎಫ್‌ಸಿಇ ಡೆಸ್ಕ್‌ಟಾಪ್ ಇರುವ ಆವೃತ್ತಿಯೇ ಸೂಕ್ತ. ಲಿನಕ್ಸ್‌ನ ಬೇರೆ ಡೆಸ್ಕ್‌ಟಾಪ್‌ಗಳಾದ ಗ್ನೋಮ್ ಮತ್ತು ಕೆಡಿಇ ನೋಡಲು ಸೊಗಸಾಗಿವೆ, ಆದರೆ 4 ಜಿಬಿ ರ‍್ಯಾಮ್‌ನ ಯಂತ್ರಕ್ಕೆ ನಾನು ಅವನ್ನು ಹಾಕುವುದಿಲ್ಲ.

ಮೊದಲ ಹಂತ ವಿಂಡೋಸ್ ಅಳಿಸುವ ಮುನ್ನವೇ ಆಗಬೇಕು. ನುಡಿ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದ ಹಳೆಯ ಫಾಂಟ್‌ಗಳಲ್ಲಿ ಟೈಪಿಸಿದ ಕಡತಗಳೊಳಗೆ ನಿಜವಾಗಿ ಇರುವುದು ಕನ್ನಡ ಅಕ್ಷರಗಳಲ್ಲ, ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಸಂಕೇತಗಳು. ಆ ಫಾಂಟ್ ಇಲ್ಲದ ಕಡೆ ಅವು ಅರ್ಥವಿಲ್ಲದ ಗೀಚುಗಳಾಗಿ ಕಾಣುತ್ತವೆ. ನುಡಿ ತಂತ್ರಾಂಶದಲ್ಲಿರುವ ಪರಿವರ್ತಕದಿಂದ ಅವನ್ನು ಎಲ್ಲ ಕಡೆ ಕನ್ನಡವಾಗಿಯೇ ಕಾಣುವ ಯೂನಿಕೋಡ್ ಸಂಕೇತಕ್ಕೆ ಬದಲಿಸಿ, ಒತ್ತಕ್ಷರಗಳನ್ನು ಒಮ್ಮೆ ಓದಿ ನೋಡಿ, ಬೇರೆ ಡಿಸ್ಕಿನಲ್ಲಿ ಪ್ರತಿ ಇಟ್ಟುಕೊಳ್ಳಿ. ಈ ಪ್ರತಿಗೆ ಹೆಸರಿಲ್ಲದ ಅಗ್ಗದ ಪೆನ್‌ಡ್ರೈವ್ ಬೇಡ. ಮೇಲೆ ಬರೆದಷ್ಟು ಜಾಗ ಒಳಗಿಲ್ಲದವು ಮಾರುಕಟ್ಟೆಯಲ್ಲಿವೆ.

ಎರಡನೆಯದಾಗಿ, ಇನ್‌ಸ್ಟಾಲ್ ಮಾಡದೆಯೇ ಮಿಂಟ್ ನಡೆಸಬಲ್ಲ ಲೈವ್ ಪೆನ್‌ಡ್ರೈವ್‌ನಿಂದ ಅದನ್ನು ತೆರೆದು ವೈಫೈ ಮತ್ತು ಪ್ರಿಂಟರ್ ಪರೀಕ್ಷಿಸಿ, ಎಲ್ಲವೂ ಸರಿಯಿದ್ದರೆ ಇನ್‌ಸ್ಟಾಲ್ ಮಾಡಿ.

ಮೂರನೆಯ ಹಂತ ಕನ್ನಡ ಟೈಪಿಂಗ್. ನಾನು ಕಂಡಂತೆ ಹೆಚ್ಚಿನವರು ಸೋತು ವಿಂಡೋಸ್‌ಗೆ ಮರಳುವುದು ಇಲ್ಲಿಯೇ. ಕೀಬೋರ್ಡ್ ಸೆಟ್ಟಿಂಗ್ಸ್‌ನಲ್ಲಿ ಕನ್ನಡ ಲೇಔಟ್ ಸೇರಿಸಿದರೆ ಸಾಕೆಂದು ಅವರು ಭಾವಿಸುತ್ತಾರೆ. ಆ ವ್ಯವಸ್ಥೆ ಹಿಂದಿನ ಅಕ್ಷರವನ್ನು ನೋಡಿ ಗುಣಿತ ಮೂಡಿಸುವುದಿಲ್ಲವಾದ್ದರಿಂದ, ನುಡಿಯಲ್ಲಿ ಪಳಗಿದ ಬೆರಳುಗಳಿಗೆ ಅದು ಒಗ್ಗದು. ಬದಲಿಗೆ ಸಾಫ್ಟ್‌ವೇರ್ ಮ್ಯಾನೇಜರಿನಲ್ಲಿ ಭಾಷೆಗಳ ಟೈಪಿಂಗ್ ನೋಡಿಕೊಳ್ಳುವ ಐಬಸ್ ಮತ್ತು ಅದಕ್ಕೆ ಕನ್ನಡ ವಿನ್ಯಾಸಗಳನ್ನು ಒದಗಿಸುವ ಐಬಸ್-ಎಂ17ಎನ್ ಎಂಬೆರಡನ್ನೂ ಹಾಕಿಕೊಂಡು, ಇನ್‌ಪುಟ್ ಮೆಥಡ್ ಕಿಟಕಿಯಲ್ಲಿ ಐಬಸ್ ಆರಿಸಿ, ತಪ್ಪದೆ ಲಾಗ್‌ಔಟ್ ಆಗಿ ಮತ್ತೆ ಒಳಬನ್ನಿ. ಲಾಗ್‌ಔಟ್ ಮಾಡದೆ ‘ಕೆಲಸ ಮಾಡುತ್ತಿಲ್ಲ’ ಎಂದು ದೂರುವವರನ್ನು ಹಲವು ಬಾರಿ ನೋಡಿದ್ದೇನೆ. ಆಮೇಲೆ ಐಬಸ್ ಪ್ರಿಫರೆನ್ಸಸ್‌ನಲ್ಲಿ ನುಡಿಯಲ್ಲಿ ಬಳಸುವ ಕನ್ನಡದ ಕೆಜಿಪಿ ಕೀಲಿಮಣೆ ವಿನ್ಯಾಸವನ್ನು ಸೇರಿಸಿ. ಸೂಪರ್ ಕೀಲಿ (ವಿಂಡೋಸ್ ಗುರುತಿನ ಕೀಲಿ) ಮತ್ತು ಸ್ಪೇಸ್ ಒಟ್ಟಿಗೆ ಒತ್ತಿದರೆ ಭಾಷೆ ಬದಲಾಗುತ್ತದೆ.

ಪರೀಕ್ಷೆಗೆ ನಮ್ಮ ಜಿಲ್ಲೆಯ ಊರು ‘ಗುಬ್ಬಿ’ಯ ಹೆಸರನ್ನೇ ಬರೆಯಿರಿ: ಜಿ, ಯು, ಬಿ, ಎಫ್, ಬಿ, ಐ ಕೀಲಿಗಳು. ನಡುವಿನ ಎಫ್ ಒತ್ತು ಕೊಡುತ್ತದೆ. ಗುಣಿತವೂ ಒತ್ತೂ ಸರಿಯಾಗಿ ಮೂಡಿದರೆ ಟೈಪಿಂಗ್ ಸಿದ್ಧವಾಯಿತು.

ಪತ್ರ, ಲೆಕ್ಕಗಳಿಗೆ ಮಿಂಟ್‌ನಲ್ಲಿ ಬಳಸುವ ಲಿಬ್ರೆಆಫೀಸ್‌ನಲ್ಲಿ ಇನ್ನೊಂದು ತೊಡಕಿದೆ. ಅಲ್ಲಿ ಇಂಗ್ಲಿಷ್ ಲಿಪಿಗೂ ಭಾರತೀಯ ಲಿಪಿಗಳಿಗೂ ಫಾಂಟ್ ಮತ್ತು ಗಾತ್ರಗಳು ಬೇರೆಬೇರೆ ಇರುತ್ತವೆ. ಆಪ್ಷನ್ಸ್‌ನ ಭಾಷಾ ವಿಭಾಗದಲ್ಲಿ ಕಾಂಪ್ಲೆಕ್ಸ್ ಟೆಕ್ಸ್ಟ್ ಲೇಔಟ್‌ಗೆ ಕನ್ನಡವನ್ನು ಆರಿಸಿ, ಅದರ ಫಾಂಟ್ ಆಗಿ ನೋಟೊ ಸಾನ್ಸ್ ಕನ್ನಡ ಅಥವಾ ಗುಬ್ಬಿ ಎಂಬ ಹೆಸರಿನದೇ ಫಾಂಟ್ ಇಡಿ. ಕೈಬರಹದಂತಿರುವ ನವಿಲು ಫಾಂಟ್ ಆಹ್ವಾನಕ್ಕೆ ಚೆನ್ನ, ಕಚೇರಿ ಪತ್ರಕ್ಕೆ ಬೇಡ.

ನಾಲ್ಕನೆಯದು ಅಲಂಕಾರ. ಅದಕ್ಕೆ ಮುಂಚೆ, ಏನಾದರೂ ಕೆಟ್ಟರೆ ವ್ಯವಸ್ಥೆಯನ್ನು ಹಿಂದಿನ ಸ್ಥಿತಿಗೆ ತರಬಲ್ಲ ಟೈಮ್‌ಶಿಫ್ಟ್‌ನಲ್ಲಿ ಒಂದು ಸ್ನ್ಯಾಪ್‌ಶಾಟ್ ತೆಗೆದಿಡಿ. ಪ್ಯಾನೆಲ್ ಮೇಲೆ ರೈಟ್ ಕ್ಲಿಕ್ ಮಾಡಿ ಅದರ ಎತ್ತರ ಹೆಚ್ಚಿಸಿ, ಬ್ರೌಸರ್ ಮತ್ತು ರೈಟರ್‌ನ (ಲಿಬ್ರೆಆಫೀಸ್‌ನಲ್ಲಿ ಪತ್ರ ಬರೆಯುವ ತಂತ್ರಾಂಶ) ಗುರುತುಗಳನ್ನು ಅಲ್ಲಿಗೆ ಸೇರಿಸಿದರೆ ಹೊಸಬರಿಗೂ ಹುಡುಕಾಟವಿರದು. ಯಂತ್ರ ನಿಧಾನವೆನಿಸಿದರೆ ವಿಂಡೋ ಮ್ಯಾನೇಜರ್ ಟ್ವೀಕ್ಸ್‌ನಲ್ಲಿ ಕಿಟಕಿಗಳಿಗೆ ನೆರಳು ಮುಂತಾದ ಸೊಗಸು ಕೊಡುವ ಕಂಪಾಸಿಟರನ್ನು ನಿಲ್ಲಿಸಿಬಿಡಿ. ಕಿಟಕಿಗಳ ನೆರಳು ಹೋಗುತ್ತದೆ, ಕೆಲಸಕ್ಕೇನೂ ಅಡ್ಡಿಯಾಗದು. ಥೀಮ್‌ಗಳನ್ನು ಅಲ್ಲಿ ಇಲ್ಲಿ ಹುಡುಕಿ ತಂದು ತುಂಬಬೇಡಿ. ಮಿಂಟ್ ಜೊತೆಗೇ ಬರುವವು ಸಾಕಷ್ಟಿವೆ, ಅಪ್‌ಡೇಟ್ ಆದಾಗ ಕೆಡುವುದೂ ಕಡಿಮೆ.