ಸಕ್ಕರೆ ನೀರಾಗದ ಚಕ್ಕೆ ಟ್ರಫಲ್

ಒಲೆ ಬೇಡ, ಅವನ್ ಬೇಡ, ಕಲಸಿ ಉಂಡೆ ಕಟ್ಟಿದರಾಯಿತು ಎಂದು ಯಾರೋ ಹೇಳಿಕೊಟ್ಟುಬಿಟ್ಟಿದ್ದಾರೆ. ಅಂದಿನಿಂದ ಈ ಚಕ್ಕೆ-ಸಕ್ಕರೆ ಟ್ರಫಲ್‌ಗೆ ಹೇಳೋರು ಕೇಳೋರು ಇಲ್ಲದಂತಾಗಿದೆ. ಬೇಯಿಸುವ ಕೆಲಸವಿಲ್ಲ ಎಂದ ಮಾತ್ರಕ್ಕೆ ಗಮನ ಕೊಡುವ ಕೆಲಸವೂ ಇಲ್ಲ ಎಂದುಕೊಂಡಿದ್ದೀರಿ. ಫ್ರಿಜ್ಜಿನಿಂದ ತೆಗೆದ ತಣ್ಣನೆ ಉಂಡೆಯನ್ನು ತೆಗೆದ ಕೈಯಲ್ಲೇ ಸಕ್ಕರೆಯಲ್ಲಿ ಹೊರಳಿಸಿ, ಫೋಟೋ ಹೊಡೆದು, ಡಬ್ಬಿಗೆ ತುಂಬಿ ಮುಚ್ಚಳ ಬಿಗಿಯುತ್ತೀರಿ. ಸಂಜೆ ನೆಂಟರು ಬಂದಾಗ ಮುಚ್ಚಳ ತೆಗೆದರೆ ಒಳಗೆ ಏನಿರುತ್ತದೆ? ಕಂದು ನೀರಿನಲ್ಲಿ ಕೂತ ಅಂಟು ಗೋಲಿಗಳು. ಆಮೇಲೆ ರೆಸಿಪಿ ಸರಿಯಿಲ್ಲ ಎಂದು ದೂರು. ಅದನ್ನು ಯಾಕೆ ಬೈಯುತ್ತೀರಿ, ಪಾಪ, ಅದು ನಿಮಗೆ ಅವಸರ ಮಾಡು ಎಂದು ಹೇಳಿರಲಿಲ್ಲ.

ಒಳಗಿನ ಹೂರಣದ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ, ಅದರಲ್ಲಿ ಅಂಥ ಕಷ್ಟವೇನಿಲ್ಲ. ಸಾದಾ ಬಿಸ್ಕತ್ತು ತೆಗೆದುಕೊಳ್ಳಿ, ನಡುವೆ ಕ್ರೀಮ್ ಇರುವುದು ಬೇಡ. ಮಿಕ್ಸಿಯಲ್ಲಿ ತಿರುಗಿಸಿ ಕೈಗೆ ತರಿ ಸಿಗದಷ್ಟು ನುಣ್ಣಗೆ ಮಾಡಿ. ತರಿ ಉಳಿದರೆ ಉಂಡೆಯ ಮೈಯೆಲ್ಲ ಗುಳಿ ಬಿದ್ದು, ಸಕ್ಕರೆ ಒಂದು ಕಡೆ ಗುಡ್ಡೆಯಾಗಿ ಇನ್ನೊಂದು ಕಡೆ ಬೋಳಾಗಿ ಕೂರುತ್ತದೆ. ಪುಡಿಯ ಅರ್ಧಕ್ಕಿಂತ ಒಂದು ಮುಷ್ಟಿ ಕಡಿಮೆ ಎನ್ನುವಷ್ಟು ಕ್ರೀಮ್ ಚೀಸ್, ಅದರಷ್ಟೇ ಕರಗಿಸಿದ ಬಿಳಿ ಚಾಕೊಲೇಟ್, ಒಂದು ಚಿಟಿಕೆ ಉಪ್ಪು, ಘಮ ಬರುವಷ್ಟು ಚಕ್ಕೆ ಪುಡಿ. ಉಪ್ಪು ಬಿಡಬೇಡಿ. ಸಿಹಿಗೆ ಯಾಕೆ ಉಪ್ಪು ಎಂದು ಕೇಳುವವರು ಒಮ್ಮೆ ಹಾಕದೆ ತಿಂದು ನೋಡಲಿ, ಬಿಳಿ ಚಾಕೊಲೇಟಿನ ಸಿಹಿ ಗಂಟಲಲ್ಲೇ ಕೂರುತ್ತದೆ.

ಇಲ್ಲೊಂದು ಮಾತು. ಬಿಸ್ಕತ್ತಿನ ಬದಲು ಹಸಿ ಮೈದಾ, ಬೆಣ್ಣೆ, ಸಕ್ಕರೆ ಕಲಸಿ ಉಂಡೆ ಮಾಡಿ ಹಾಗೇ ತಿನ್ನುವವರನ್ನು ನೋಡಿದ್ದೇನೆ. ದಯವಿಟ್ಟು ಮಾಡಬೇಡಿ. ಬಿಳಿಯಾಗಿ, ನುಣ್ಣಗಿದೆ ಎಂದು ಹಿಟ್ಟು ಶುದ್ಧವಾಗಿಬಿಡುವುದಿಲ್ಲ. ಅದು ಹಸಿ ಕಾಳನ್ನು ಬೀಸಿದ್ದು, ಹೊಟ್ಟೆ ಕೆಡಿಸುವ ಸೂಕ್ಷ್ಮಜೀವಿಗಳು ಅದರಲ್ಲೂ ಇರಬಹುದು, ಬೆಂದ ಮೇಲೆಯೇ ಸಾಯುವುದು. ಬಿಸ್ಕತ್ತು ಆಗಲೇ ಬೆಂದು ಬಂದಿರುತ್ತದೆ. ಬೇಯಿಸದೆ ಮಾಡುವ ತಿಂಡಿಗೆ ಅದನ್ನು ಹಾಕುವುದು ಅದಕ್ಕೇ.

ಕ್ರೀಮ್ ಚೀಸನ್ನು ಮೊದಲೇ ಹೊರಗಿಟ್ಟು ಮೆತ್ತಗಾಗಲು ಬಿಡಿ. ತಣ್ಣಗಿರುವ ಚೀಸಿನ ಮೇಲೆ ಕರಗಿದ ಚಾಕೊಲೇಟ್ ಸುರಿದರೆ ಅದು ಮುಟ್ಟಿದ ಕಡೆಯೆಲ್ಲ ಚೂರುಚೂರಾಗಿ ಗಟ್ಟಿಯಾಗುತ್ತದೆ. ಆಮೇಲೆ ಎಷ್ಟು ಕಲಸಿದರೂ ಗಂಟು ಹೋಗುವುದಿಲ್ಲ. ಬಿಳಿ ಚಾಕೊಲೇಟ್ ಕರಗಿಸುವಾಗಲೂ ಹಟ ಬೇಡ. ಪಾತ್ರೆಯಲ್ಲಿ ನೀರು ಕುದಿಸಿ, ಒಲೆ ಆರಿಸಿ, ಅದರ ಮೇಲೆ ಬಟ್ಟಲು ಕೂರಿಸಿ. ಬಟ್ಟಲಿನ ತಳ ನೀರಿಗೆ ತಾಗಬಾರದು, ಬದಿಯಿಂದ ಹಬೆ ಏಳದಂತೆ ಬಟ್ಟಲು ಪಾತ್ರೆಯ ಬಾಯಿ ತುಂಬ ಕೂತಿರಬೇಕು. ಬಿಳಿ ಚಾಕೊಲೇಟಿನಲ್ಲಿ ಹಾಲಿನ ಅಂಶ ಹೆಚ್ಚು, ಬೇಗ ಸೀಯುತ್ತದೆ. ಒಂದು ಹನಿ ನೀರು ಬಿದ್ದರೆ ಒಳಗಿನ ಸಕ್ಕರೆ ಕಣಗಳು ಒಂದಕ್ಕೊಂದು ಅಂಟಿಕೊಂಡು ಇಡೀ ಬಟ್ಟಲು ಒಣ ಮುದ್ದೆಯಾಗಿ ಸೆಟೆದು ನಿಲ್ಲುತ್ತದೆ. ಮೈಕ್ರೋವೇವ್ ಇದ್ದವರು ಹದಿನೈದು ಇಪ್ಪತ್ತು ಸೆಕೆಂಡಿಗೊಮ್ಮೆ ತೆಗೆದು ತಿರುವಿ. ಒಂದೇ ಸಲಕ್ಕೆ ಎರಡು ನಿಮಿಷ ಒತ್ತಿ ಫೋನ್ ಹಿಡಿದು ಕೂರಬೇಡಿ. ಕೊಳ್ಳುವಾಗ ಪೊಟ್ಟಣದ ಹಿಂಬದಿ ಓದಿ: ಕೋಕೋ ಬೆಣ್ಣೆ ಎಂದಿದ್ದರೆ ಅದು ಚಾಕೊಲೇಟ್. ಅದರ ಬದಲು ಬೇರೆ ಸಸ್ಯದ ಕೊಬ್ಬು ಹಾಕಿದ್ದರೆ ಅದು ಕಾಂಪೌಂಡ್, ತಿಂದ ಮೇಲೆ ಅಂಗುಳಿಗೆ ಮೇಣ ಬಳಿದಂತೆ ಉಳಿದುಬಿಡುತ್ತದೆ. ಕೋಕೋ ಬೆಣ್ಣೆ ಹೆಚ್ಚುಕಡಿಮೆ 34 ಡಿಗ್ರಿ ಸೆಲ್ಸಿಯಸ್‌ಗೆ ಕರಗುತ್ತದೆ, ನಮ್ಮ ಬಾಯಿಯ ಬಿಸಿ ಅದಕ್ಕಿಂತ ಸ್ವಲ್ಪ ಜಾಸ್ತಿ. ನಾಲಿಗೆ ಮೇಲೆ ಇಟ್ಟ ಕೂಡಲೇ ಇಳಿಯುವ ಸುಖ ಇರುವುದು ಅಲ್ಲಿ.

ಕಲಸಿದ್ದು ಕಿವಿಯ ಹಾಲೆ ಮುಟ್ಟಿದಷ್ಟು ಮೃದುವಾಗಿರಬೇಕು, ಬೆರಳಿಗೆ ಮೆತ್ತಬಾರದು. ಮೆತ್ತಿದರೆ ಇನ್ನೊಂದು ಹಿಡಿ ಬಿಸ್ಕತ್ತಿನ ಪುಡಿ. ಬಿರಿದರೆ ಇನ್ನೊಂದು ಚಮಚ ಚೀಸು. ಇದಕ್ಕೆ ಗ್ರಾಂ ಲೆಕ್ಕ ಕೇಳಬೇಡಿ, ಒಂದೊಂದು ಬಿಸ್ಕತ್ತು ಒಂದೊಂದು ಥರ ಹೀರುತ್ತದೆ. ಮುಚ್ಚಿ ಅರ್ಧ ಮುಕ್ಕಾಲು ಗಂಟೆ ಫ್ರಿಜ್ಜಿನಲ್ಲಿಡಿ. ಫ್ರೀಜರ್‌ನಲ್ಲಿ ಬೇಡ, ಅಂಚು ಕಲ್ಲಾಗಿ ನಡು ಹಾಗೇ ಉಳಿಯುತ್ತದೆ.

ಈಗ ಚಕ್ಕೆಗೆ ಬರೋಣ. ಯಾವಾಗಲೋ ತಂದಿಟ್ಟ ಪುಡಿಯ ಪೊಟ್ಟಣ ಕೊಡವಿ ಹಾಕಿ, ಘಮವೇ ಇಲ್ಲ ಎಂದು ಇನ್ನೆರಡು ಚಮಚ ಸುರಿಯುತ್ತೀರಿ. ಚಕ್ಕೆಯ ಘಮವೆಲ್ಲ ಗಾಳಿಗೆ ಹಾರಿಹೋಗುವ ಎಣ್ಣೆಯಲ್ಲಿದೆ, ಪುಡಿ ಮಾಡಿಟ್ಟಷ್ಟೂ ಬೇಗ ಹೋಗುತ್ತದೆ. ಘಮ ಹೋದ ಮೇಲೆ ಉಳಿಯುವುದು ತೊಗಟೆಯ ಕಹಿ ಮತ್ತು ಬಾಯಿಗೆ ಸಿಗುವ ಮರದ ಪುಡಿ. ಆದ್ದರಿಂದ ಇಡೀ ಚಕ್ಕೆ ತನ್ನಿ. ಎರಡು ಜಾತಿ ಸಿಗುತ್ತವೆ. ದಪ್ಪ ತೊಗಟೆ ಒಂದೇ ಪದರವಾಗಿ ಸುರುಳಿ ಸುತ್ತಿಕೊಂಡು, ಮುರಿಯಲು ಬಲ ಬೇಕಾಗುವುದು ಕ್ಯಾಸಿಯಾ. ಕಾಗದದಂಥ ಹತ್ತಾರು ಪದರಗಳು ಒಂದರೊಳಗೊಂದು ತುಂಬಿಕೊಂಡು, ಬೆರಳಲ್ಲಿ ಒತ್ತಿದರೆ ಪುಡಿಯಾಗುವುದು ಸಿಲೋನ್ ಚಕ್ಕೆ. ಕ್ಯಾಸಿಯಾ ಖಾರವಾಗಿ ಮುಂದೆ ಬರುತ್ತದೆ, ಸಿಲೋನ್ ಮೆತ್ತಗೆ ಸಿಹಿಯಾಗಿ ಇರುತ್ತದೆ. ನಾನು ಹೊರಗಿನ ಸಕ್ಕರೆಗೆ ಸಿಲೋನ್ ಬಿಟ್ಟು ಬೇರೆ ಹಾಕುವುದಿಲ್ಲ, ಯಾಕೆಂದರೆ ಅಲ್ಲಿ ಅದು ಹಸಿಯಾಗಿ ನೇರ ನಾಲಿಗೆಗೆ ತಾಗುತ್ತದೆ. ಇನ್ನೊಂದು ಕಾರಣವನ್ನು ಮೊಮ್ಮಗಳು ತಿಳಿಸಿದಳು: ಕ್ಯಾಸಿಯಾದಲ್ಲಿ ಕೂಮರಿನ್ ಎಂಬ ಅಂಶ ಹೆಚ್ಚು, ದಿನವೂ ಜಾಸ್ತಿ ತಿಂದರೆ ಪಿತ್ತಜನಕಾಂಗಕ್ಕೆ ಒಳ್ಳೆಯದಲ್ಲ, ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ ದಿನಕ್ಕೆ ದೇಹದ ತೂಕದ ಕಿಲೋ ಒಂದಕ್ಕೆ 0.1 ಮಿಲಿಗ್ರಾಂ ಎಂದು ಮಿತಿ ಹಾಕಿದೆ. ಸಿಲೋನಿನಲ್ಲಿ ಅದು ಇದ್ದೂ ಇಲ್ಲದಂತೆ. ಅಪರೂಪಕ್ಕೆ ಎರಡು ಉಂಡೆ ತಿಂದರೆ ಹೆದರಬೇಕಾದ್ದಿಲ್ಲ, ಆದರೆ ಪುಟ್ಟ ಮಕ್ಕಳಿಗೆ ಮಾಡುವಾಗ ನೆನಪಿರಲಿ.

ಚಕ್ಕೆಯನ್ನು ಮುರಿದು, ಒಣ ಬಾಣಲೆಯಲ್ಲಿ ಸಣ್ಣ ಉರಿಯ ಮೇಲೆ ಬೆಚ್ಚಗೆ ಮಾಡಿ. ಹುರಿಯಬೇಡಿ, ಪಸೆ ಆರಿದರೆ ಸಾಕು. ಪೂರ್ತಿ ತಣ್ಣಗಾದ ಮೇಲೆ ಪುಡಿ ಮಾಡಿ, ಸಣ್ಣ ಜರಡಿ ಹಿಡಿಯಿರಿ. ಜರಡಿಯಲ್ಲಿ ನಿಂತ ನಾರನ್ನು ಟೀ ಕುದಿಸುವಾಗ ಹಾಕಿಕೊಳ್ಳಿ, ಉಂಡೆಗೆ ಸೇರಿಸಿದರೆ ವಸಡಿಗೆ ಚುಚ್ಚುತ್ತದೆ. ಹಾಂ, ಮಿಕ್ಸಿ ಜಾರಿನ ವಿಷಯ ಬಂತಲ್ಲ, ಮುಚ್ಚಳದ ಒಳಗಿನ ರಬ್ಬರ್ ಬಳೆಯನ್ನು ನೀವು ಕೊನೆಯ ಸಲ ಬಿಚ್ಚಿ ತೊಳೆದದ್ದು ಯಾವಾಗ? ಮೇಲೆ ಮೇಲೆ ನೀರು ಹಾಕಿ ಬೋರಲು ಹಾಕಿದರೆ ತೊಳೆದಂತಾಗುವುದಿಲ್ಲ. ಆ ಬಳೆಯ ಸಂದಿಯಲ್ಲಿ ಹಳೇ ಮಸಾಲೆ ಕೂತು ಕಪ್ಪಗೆ ಬೂಷ್ಟು ಹಿಡಿದಿರುತ್ತದೆ. ಅಲ್ಲಿ ಅಡಗಿದ ಬೆಳ್ಳುಳ್ಳಿ ವಾಸನೆ ನಾಳೆ ಟ್ರಫಲ್‌ಗೆ ಬರುತ್ತದೆ. ಪಿನ್ನಿನ ತುದಿಯಲ್ಲಿ ಎಬ್ಬಿಸಿ, ಸೋಪಿನ ನೀರಿನಲ್ಲಿ ಉಜ್ಜಿ, ಬೇರೆಯಾಗಿ ಒಣಗಿಸಿ ಆಮೇಲೆ ಕೂರಿಸಿ.

ಸಕ್ಕರೆಯ ಮಾತಿಗೆ ಬಂದರೆ ನನಗೆ ನಮ್ಮತ್ತೆ ನೆನಪಾಗುತ್ತಾರೆ. ಸಕ್ಕರೆ ಡಬ್ಬಿಗೆ ಯಾರಾದರೂ ಒದ್ದೆ ಚಮಚ ಹಾಕಿದರೆ ಸಂಜೆಯವರೆಗೆ ಮನೆಯಲ್ಲಿ ಯಾರ ಜೊತೆಗೂ ಮಾತಿಲ್ಲ. ಕೈ ತೊಳೆದು ಬಂದವರ ಅಂಗೈಯನ್ನು ತಮ್ಮ ಕೆನ್ನೆಗೆ ಮುಟ್ಟಿಸಿಕೊಂಡು, ಒಣಗಿದೆಯೋ ಇಲ್ಲವೋ ನೋಡಿಯೇ ಸಕ್ಕರೆ ಮುಟ್ಟಲು ಬಿಡುತ್ತಿದ್ದರು. ಟ್ರಫಲ್ ಎಂಬ ಹೆಸರನ್ನು ಅವರು ಕೇಳಿಯೇ ಇರಲಿಲ್ಲ. ಆದರೂ ನಾನು ಈಗ ಹೇಳಹೊರಟಿರುವ ಉಪಾಯ ಅವರ ಆ ಶಿಸ್ತಿನಿಂದಲೇ ಬಂದದ್ದು.

ಸಕ್ಕರೆಯನ್ನು ಎರಡು ಥರ ಮಾಡಿಕೊಳ್ಳಬೇಕು, ಎರಡು ಸಲ ಹೊರಳಿಸಬೇಕು. ಇಷ್ಟೇ. ಆದರೆ ಇದರಲ್ಲಿ ಒಂದು ಹೆಜ್ಜೆ ತಪ್ಪಿಸಿದರೂ ನನ್ನನ್ನು ಕೇಳಬೇಡಿ. ಸಾದಾ ಸಕ್ಕರೆಯನ್ನು ಮಿಕ್ಸಿಗೆ ಹಾಕಿ ಒಂದೆರಡು ಸಲ ಗುರ್ ಅನ್ನಿಸಿ ನಿಲ್ಲಿಸಿ. ನುಣ್ಣಗೆ ಪುಡಿಯಾಗಬಾರದು. ಪೂರ್ತಿ ಕಾಳು ಇದ್ದರೆ ಉಂಡೆಗೆ ಹಿಡಿಯದೆ ಉದುರುತ್ತದೆ. ಪೂರ್ತಿ ಪುಡಿಯಾದರೆ ಸ್ವಲ್ಪ ತೇವ ಸಿಕ್ಕಿದರೂ ಕರಗುತ್ತದೆ. ಅರ್ಧಂಬರ್ಧ ಒಡೆದ ಈ ಸಕ್ಕರೆಯನ್ನು ಟೀ ಸೋಸುವ ಜರಡಿಗೆ ಹಾಕಿ ಮೆಲ್ಲಗೆ ತಟ್ಟಿ. ಕೆಳಗೆ ಬಿದ್ದ ಧೂಳು ಒಂದು ಬಟ್ಟಲಿಗೆ, ಮೇಲೆ ನಿಂತ ಸಣ್ಣ ಹರಳು ಇನ್ನೊಂದು ಬಟ್ಟಲಿಗೆ. ಎರಡಕ್ಕೂ ಚಕ್ಕೆ ಪುಡಿ ಸೇರಿಸಿ, ನಾಲ್ಕೈದು ಚಮಚ ಸಕ್ಕರೆಗೆ ಒಂದು ಚಮಚ ಮೀರಬಾರದು. ಸುಮ್ಮನೆ ಚಮಚದಲ್ಲಿ ತಿರುವಿ ಬಿಡಬೇಡಿ. ಒಣ ಬೆರಳಿನ ತುದಿಯಲ್ಲಿ, ಹರಳಿಗೆ ಬಣ್ಣ ಹತ್ತುವ ತನಕ ಉಜ್ಜಿ. ಉಜ್ಜಿದಾಗ ಚಕ್ಕೆಯ ಎಣ್ಣೆ ಸಕ್ಕರೆಗೆ ಹಿಡಿಯುತ್ತದೆ. ಇದನ್ನು ಹಿಂದಿನ ರಾತ್ರಿಯೇ ಮಾಡಿ ಮುಚ್ಚಿಟ್ಟರೆ, ಬೆಳಿಗ್ಗೆ ಮುಚ್ಚಳ ತೆಗೆದಾಗ ಗೊತ್ತಾಗುತ್ತದೆ ನಾನು ಯಾಕೆ ಹೀಗೆ ಕೊರೆಯುತ್ತೇನೆ ಎಂದು.

ಉಂಡೆ ಕಟ್ಟುವಾಗ ಕೈಯನ್ನು ತಣ್ಣೀರಲ್ಲಿ ತೊಳೆದು, ಒಣ ಬಟ್ಟೆಯಲ್ಲಿ ಚೆನ್ನಾಗಿ ಒರೆಸಿಕೊಳ್ಳಿ. ಒಣ ಬಟ್ಟೆ ಎಂದರೆ ಒಣ ಬಟ್ಟೆ. ಬೆಳಿಗ್ಗೆಯಿಂದ ಕಟ್ಟೆ ಒರೆಸಿದ ಆ ಮುದ್ದೆ ಬಟ್ಟೆ ಅಲ್ಲ. ಒಂದೇ ತುತ್ತಿಗೆ ಹೋಗುವಷ್ಟು ತೆಗೆದುಕೊಂಡು ಅಂಗೈಯಲ್ಲಿ ಬೇಗ ಬೇಗ ಸುತ್ತಿ. ಜಾಸ್ತಿ ಹೊತ್ತು ಆಡಿಸಿದರೆ ಅಂಗೈ ಬಿಸಿಗೆ ಜಿಡ್ಡು ಬಿಡುತ್ತದೆ. ಸುತ್ತಿ ಮುಗಿಸಿದ ಆ ಕ್ಷಣ ಮೇಲ್ಮೈ ತುಸು ಅಂಟಾಗಿರುತ್ತದೆ ನೋಡಿ, ಮೊದಲನೇ ಸಕ್ಕರೆಗೆ ಅದೇ ಹೊತ್ತು. ಧೂಳಿನ ಬಟ್ಟಲಿಗೆ ಮೂರು ಉಂಡೆ ಬಿಟ್ಟು, ಬೆರಳು ಮುಟ್ಟಿಸದೆ ಬಟ್ಟಲನ್ನೇ ಗುಂಡಗೆ ಅಲ್ಲಾಡಿಸಿ. ತಾವೇ ಉರುಳಿಕೊಂಡು ತೆಳುವಾಗಿ ಬಳಿದುಕೊಳ್ಳುತ್ತವೆ. ಬೆರಳಲ್ಲಿ ಒತ್ತಿದರೆ ಒತ್ತಿದ ಕಡೆಯೆಲ್ಲ ಗುರುತು ಬೀಳುತ್ತದೆ. ಉಂಡೆ ಸುತ್ತುವ ಕೈ ಬೇರೆ, ಸಕ್ಕರೆ ಬಟ್ಟಲು ಹಿಡಿಯುವ ಕೈ ಬೇರೆ. ಎರಡನ್ನೂ ಒಂದೇ ಕೈಯಲ್ಲಿ ಮಾಡಿದರೆ ನಾಲ್ಕನೇ ಉಂಡೆಗೇ ಬಟ್ಟಲಿನ ಸಕ್ಕರೆಯೆಲ್ಲ ಗಂಟುಗಂಟು.

ಹೀಗೆ ಧೂಳು ಬಳಿದವನ್ನು ತಟ್ಟೆಯಲ್ಲಿ ಒಂದಕ್ಕೊಂದು ತಾಗದಂತೆ ಜೋಡಿಸಿ, ಮುಚ್ಚದೆ ಫ್ರಿಜ್ಜಿನಲ್ಲಿಡಿ. ಮುಚ್ಚದೆ ಎಂದದ್ದನ್ನು ಗಮನಿಸಿ. ಫ್ರಿಜ್ಜಿನೊಳಗಿನ ಗಾಳಿ ಒಣ, ಅದು ಮೇಲ್ಮೈಯ ತೇವ ಎಳೆದುಕೊಳ್ಳುತ್ತದೆ, ಧೂಳು ಸಕ್ಕರೆ ಒಂದು ತೆಳು ಚರ್ಮದಂತೆ ಕಚ್ಚಿಕೊಳ್ಳುತ್ತದೆ. ಹೆಚ್ಚಿದ ಈರುಳ್ಳಿಯ ಪಕ್ಕ ಇಡಬೇಡಿ, ಬೆಣ್ಣೆ ಚೀಸು ಇರುವ ಯಾವುದಕ್ಕೂ ವಾಸನೆ ಬೇಗ ಹಿಡಿಯುತ್ತದೆ. ಒಂದೆರಡು ಗಂಟೆ ಬಿಟ್ಟು ಒಣ ಡಬ್ಬಿಗೆ ತುಂಬಿ ಮುಚ್ಚಳ ಹಾಕಿ ಮತ್ತೆ ಒಳಗಿಡಿ.

ಬಡಿಸುವ ಹೊತ್ತಿಗೆ ಡಬ್ಬಿಯನ್ನು ಹೊರಗೆ ತೆಗೆದಿಡಿ, ತೆರೆಯಬೇಡಿ. ಎಲ್ಲರೂ ಎಡವುವುದು ಇಲ್ಲೇ. ತಣ್ಣಗಿರುವ ವಸ್ತುವಿಗೆ ಬೆಚ್ಚಗಿನ ಗಾಳಿ ತಾಗಿದರೆ ಗಾಳಿಯ ನೀರಿನಂಶ ಹನಿಯಾಗಿ ಅದರ ಮೇಲೆ ಕೂರುತ್ತದೆ. ಸಕ್ಕರೆ ಮೊದಲೇ ನೀರಿಗೆ ಹಾತೊರೆಯುವ ಪದಾರ್ಥ, ಸಿಕ್ಕ ಹನಿಯನ್ನೆಲ್ಲ ಕುಡಿದು ಕರಗಿಬಿಡುತ್ತದೆ. ಮುಚ್ಚಳ ಹಾಕಿದ್ದರೆ ಆ ಹನಿ ಡಬ್ಬಿಯ ಹೊರಮೈ ಮೇಲೆ ಕೂರುತ್ತದೆ, ಉಂಡೆಯ ಮೇಲಲ್ಲ. ಡಬ್ಬಿಯ ಹೊರಗಿನ ಮಂಜು ತಾನಾಗಿ ಆರುವ ತನಕ ಕಾಯಿರಿ, ಬಟ್ಟೆಯಲ್ಲಿ ಒರೆಸಿ ಮೋಸ ಮಾಡಬೇಡಿ. ಅದು ಆರಿತು ಎಂದರೆ ಒಳಗಿನ ಉಂಡೆಯ ಚಳಿ ಮುರಿದಿದೆ ಎಂದರ್ಥ. ಈಗ ತೆರೆದು, ಹರಳಿನ ಬಟ್ಟಲಿಗೆ ಬಿಟ್ಟು ಅದೇ ರೀತಿ ಬಟ್ಟಲು ಅಲ್ಲಾಡಿಸಿ. ಒಳಗಿನ ಧೂಳಿನ ಪದರ ಚೀಸಿನ ತೇವವನ್ನು ತಡೆದಿರುತ್ತದೆ, ಹೊರಗಿನ ಹರಳು ಒಣಗಿ ಮಿನುಗುತ್ತಿರುತ್ತದೆ, ಕಚ್ಚಿದರೆ ಕರಕರ ಅನ್ನುತ್ತದೆ. ಅಷ್ಟು ಹೊತ್ತು ಯಾರು ಕಾಯುತ್ತಾರೆ ಅನ್ನುವವರು ಸಕ್ಕರೆ ಬಿಟ್ಟು ಕೋಕೋ ಪುಡಿಯಲ್ಲಿ ಹೊರಳಿಸಿಕೊಳ್ಳಲಿ, ನನ್ನ ಅಡ್ಡಿಯಿಲ್ಲ.

ಹೂರಣಕ್ಕೆ ಹಾಕುವ ಚಕ್ಕೆ ಕಲಸುವಾಗ ಕಡಿಮೆ ಅನ್ನಿಸಬೇಕು. ಮರುದಿನಕ್ಕೆ ಅದು ತಾನಾಗಿ ಎದ್ದು ಬರುತ್ತದೆ. ರುಚಿ ನೋಡಿ ನೋಡಿ ಸೇರಿಸುತ್ತಾ ಹೋದರೆ ನಾಳೆ ಗಂಟಲು ಉರಿಯುತ್ತದೆ.

ಚೀಸು ಇರುವುದರಿಂದ ಎರಡು ಗಂಟೆಗಿಂತ ಹೆಚ್ಚು ಹೊರಗೆ ಬಿಡಬೇಡಿ, ಫ್ರಿಜ್ಜಿನಲ್ಲಿ ಐದಾರು ದಿನದೊಳಗೆ ಮುಗಿಸಿ. ಜಾಸ್ತಿ ಮಾಡಿದ್ದರೆ ಸಕ್ಕರೆ ಸೋಕಿಸದ ಬರೀ ಉಂಡೆಗಳನ್ನೇ ಬಿಗಿಯಾಗಿ ಮುಚ್ಚಿ ಫ್ರೀಜರಿಗೆ ಹಾಕಿ, ತಿಂಗಳವರೆಗೆ ಇರುತ್ತವೆ. ಬೇಕೆಂದ ಹಿಂದಿನ ರಾತ್ರಿ ಮುಚ್ಚಿದ ಡಬ್ಬಿಯಲ್ಲೇ ಕೆಳಗಿನ ಫ್ರಿಜ್ಜಿಗೆ ಇಳಿಸಿ, ಮೇಲೆ ಹೇಳಿದಂತೆ ಚಳಿ ಬಿಡಿಸಿ, ಅಂಗೈಯಲ್ಲಿ ಒಂದು ಸುತ್ತು ಸುತ್ತಿ ಧೂಳು ಹೊಡೆಯಿರಿ. ತಟ್ಟೆಯಲ್ಲಿ ಉಳಿದ ಸಕ್ಕರೆಯನ್ನು ಹಾಳು ಮಾಡಬೇಡಿ, ಆದರೆ ಉಂಡೆ ಹೊರಳಿದ ಸಕ್ಕರೆಯನ್ನು ವಾಪಸ್ ದೊಡ್ಡ ಡಬ್ಬಿಗೆ ಸುರಿಯಲೂ ಬೇಡಿ. ಅದರಲ್ಲಿ ಚೀಸಿನ ಚೂರು ಸೇರಿರುತ್ತದೆ, ಎಲ್ಲವನ್ನೂ ಕೆಡಿಸುತ್ತದೆ. ಆ ದಿನವೇ ಕಾಫಿಗೋ ಟೋಸ್ಟಿಗೋ ಹಾಕಿಕೊಂಡು ಮುಗಿಸಿ, ಬಟ್ಟಲು ತೊಳೆದಿಡಿ.